114 ಕೆಜಿ ಹೊರುವ ಹಿಂದಿನ ಗಾಲಿ

ಮೊದಲು ಅಳತೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಬರಹದಿಂದ ಯಾರಿಗೂ ಉಪಯೋಗವಿಲ್ಲ. ನನ್ನ ತೂಕ 114 ಕೆಜಿ. ಚೀಲ, ಊಟದ ಡಬ್ಬಿ, ನೀರಿನ ಬಾಟಲಿ, ಬೀಗದ ಸರಪಳಿ ಎಲ್ಲ ಸೇರಿದರೆ ಸೈಕಲ್ ಮೇಲೆ 120 ಕೆಜಿ ಕೂರುತ್ತದೆ. ದಾವಣಗೆರೆಯ ವಿದ್ಯಾನಗರದಿಂದ ಹೊರಟು, ಹದಡಿ ರಸ್ತೆ ಹಿಡಿದು, ಜಯದೇವ ವೃತ್ತ ಹಾದು, ಅಶೋಕ ಟಾಕೀಸ್ ಬಳಿ ಹಳಿ ದಾಟಿ ಪಿ.ಬಿ. ರಸ್ತೆ ಸೇರುತ್ತೇನೆ. ಕಚೇರಿ ಇರುವುದು ಹರಿಹರದ ದಿಕ್ಕಿಗೆ. ದಾರಿಯಲ್ಲಿ ಏರು ಎನ್ನುವಂಥದ್ದು ಇಲ್ಲ. ನೆಲದ ಮಟ್ಟಿಗೆ ನಮ್ಮ ಊರು ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ರಸ್ತೆಯ ಮಟ್ಟಿಗೆ ಆ ಮಾತು ಹೇಳಲಾರೆ. ಆಷಾಢದಲ್ಲಿ ಮಾತ್ರ ಬೆಳಿಗ್ಗೆ ಪಡುವಣ ಗಾಳಿ ಎದೆಗೆ ಹೊಡೆಯುತ್ತದೆ. ಸಂಜೆ ಅದೇ ಗಾಳಿ ಬೆನ್ನು ತಳ್ಳುವುದರಿಂದ ದೂರುವಂತೆಯೂ ಇಲ್ಲ.

ದಪ್ಪಗಿರುವವರು ಸೈಕಲ್ ಹತ್ತಿದರೆ ಜನ ಕೇಳುವುದು ಒಂದೇ ಪ್ರಶ್ನೆ: ತೂಕ ಎಷ್ಟು ಇಳಿಯಿತು? ಈ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ನಾನು ಸೈಕಲ್ ತುಳಿಯುವುದು ಕಚೇರಿ ತಲುಪುವುದಕ್ಕೆ. ಬರೆಯುತ್ತಿರುವುದು ಗಾಲಿಯ ಬಗ್ಗೆ, ಮತ್ತು ಆ ಗಾಲಿ ಕಟ್ಟಿಕೊಟ್ಟ ಒಂದು ಹಳೆಯ ಅಂಗಡಿಯ ಬಗ್ಗೆ.

ಕೊರೊನಾ ನಂತರ ಊರಿಗೆಲ್ಲ ಸೈಕಲ್ ಹುಚ್ಚು ಹಿಡಿದಿದ್ದಾಗ ಒಂದು ದೊಡ್ಡ ಶೋರೂಮಿನಲ್ಲಿ ಕೊಂಡ ಗೇರ್ ಸೈಕಲ್ ನನ್ನದು. ಉಕ್ಕಿನ ಫ್ರೇಮು, 700ಸಿ ಅಳತೆಯ ಗಾಲಿ, ಮುಂದೆ ಮೂರು ಹಿಂದೆ ಏಳು ಗೇರು. ಫ್ರೇಮಿನ ಮೇಲೆ ನನ್ನ ತಕರಾರಿಲ್ಲ, ಇವತ್ತಿಗೂ ಒಂದು ಬೆಸುಗೆ ಬಿಟ್ಟಿಲ್ಲ. ಕೈಕೊಟ್ಟದ್ದು ಹಿಂದಿನ ಗಾಲಿ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಕಡ್ಡಿಗಳು ಟಣ್ ಎಂದು ಒಂದೊಂದಾಗಿ ಮುರಿಯತೊಡಗಿದವು. ಎಲ್ಲವೂ ಗೇರಿನ ಬದಿಯವು. ಎಲ್ಲವೂ ಗಾಲಿಯ ನಡುವಿನ ಹಬ್‌ಗೆ ಸಿಕ್ಕಿಸುವ ಕೊಕ್ಕೆಯಲ್ಲೇ ತುಂಡಾದಂಥವು. ಒಂದು ಕಡ್ಡಿ ಹೋದರೆ ಗಾಲಿ ಸೊಟ್ಟಗಾಗಿ ಬ್ರೇಕ್ ರಬ್ಬರಿಗೆ ಉಜ್ಜುತ್ತದೆ. ಆಮೇಲೆ ಹಿಂದಿನ ಬ್ರೇಕ್ ಬಿಚ್ಚಿಟ್ಟು ತಳ್ಳಿಕೊಂಡು ಹೋಗಬೇಕು.

ಶೋರೂಮಿನವರು ಪ್ರತಿ ಸಲವೂ ಮುರಿದ ಒಂದನ್ನು ಮಾತ್ರ ಬದಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಕಳಿಸುತ್ತಿದ್ದರು. ಕೊನೆಗೆ ಅಲ್ಲಿನ ಹುಡುಗ, ‘ಸರ್, ಇದು ನೂರು ಕೆಜಿ ಒಳಗಿನವರಿಗೆ’ ಎಂದ. ಮಾರುವ ದಿನ ಈ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಅದಕ್ಕೆ ತಕ್ಕಡಿಯೇನೂ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

ಭಾರ ಹೆಚ್ಚಾಗಿ ಕಡ್ಡಿ ಮುರಿಯುತ್ತದೆ ಎನ್ನುವುದು ಅರ್ಧ ಸತ್ಯ. ಗಾಲಿ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಬಿಗಿ ಕ್ಷಣಕಾಲ ಇಳಿಯುತ್ತದೆ, ದಾಟಿದ ಕೂಡಲೇ ಮತ್ತೆ ಏರುತ್ತದೆ. ನನ್ನ ಸೈಕಲ್ಲಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 460 ಸುತ್ತು ಹಾಕುತ್ತದೆ. ಅಷ್ಟು ಸಲವೂ ಪ್ರತಿಯೊಂದು ಕಡ್ಡಿ ಸಡಿಲಾಗಿ ಬಿಗಿಯಬೇಕು. ಹೀಗೆ ದಣಿದ ಲೋಹ ಕೊಕ್ಕೆಯಲ್ಲಿ ಬಿರುಕು ಬಿಡುತ್ತದೆ. ಅಗ್ಗದ ಗಾಲಿಗಳಲ್ಲಿ ಕಡ್ಡಿಗಳ ಬಿಗಿ ಮೊದಲೇ ಕಡಿಮೆ, ಇದ್ದದ್ದೂ ಸಮನಾಗಿರುವುದಿಲ್ಲ. ಸವಾರನ ಭಾರ ಹೆಚ್ಚಿದಷ್ಟೂ ಈ ಏರಿಳಿತ ಹೆಚ್ಚು. ಗೇರಿನ ಬದಿಯಲ್ಲಿ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಆ ಕಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು ಹೆಚ್ಚಿನ ಎಳೆತ ಹೊರುತ್ತವೆ. ಅವೇ ಮೊದಲು ಹೋಗುವುದು ಇದೇ ಕಾರಣಕ್ಕೆ. ಒಂದೊಂದೇ ಕಡ್ಡಿ ಬದಲಿಸುತ್ತ ಕೂತರೆ ಹಳೆಯ ಕಡ್ಡಿಗಳು ತಮ್ಮ ಸರದಿಗೆ ಕಾಯುತ್ತಿರುತ್ತವೆ, ಅಷ್ಟೇ.

ನಾನು ಹೋಗುವ ಅಂಗಡಿ ಇರುವುದು ಹಳೇ ಪೇಟೆಯ ಒಂದು ಗಲ್ಲಿಯಲ್ಲಿ. ಹೆಸರು ಬರೆಯಬೇಡಿ ಎಂದು ಅಂಗಡಿಯವರೇ ಹೇಳಿದ್ದಾರೆ. ಇರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ. ಬೋರ್ಡಿನ ಅಕ್ಷರ ಅಳಿಸಿಹೋಗಿದೆ, ಒಳಗೆ ಇಬ್ಬರು ನಿಂತರೆ ಮೂರನೆಯವನು ಹೊರಗೆ. ಹಾಲು ಹಾಕುವವರ ಕಪ್ಪು ಸೈಕಲ್ಲುಗಳ ಗಾಲಿಗಳನ್ನು ಇಷ್ಟು ವರ್ಷ ಕಟ್ಟಿದ ಕೈ ಅವರದು. ಆ ಹಳೆಯ 28 ಇಂಚಿನ ಸೈಕಲ್ಲುಗಳಲ್ಲಿ ಮುಂದೆ 32 ಕಡ್ಡಿ, ಹಿಂದೆ 40. ಭಾರ ಎಲ್ಲಿ ಬೀಳುತ್ತದೆ ಎಂಬ ಲೆಕ್ಕ ಅದರಲ್ಲೇ ಇದೆ. ನನ್ನ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಇದ್ದದ್ದು 32.

ಚಾಚಾ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಎಷ್ಟು ಕೆಜಿ ಇದ್ದೀರಿ ಸರ್?’ ಎಂದರು. ಹೇಳಿದೆ. ನಗಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಎರಡು ದೊಡ್ಡ ಹಾಲಿನ ಕ್ಯಾನು, ಮೇಲೊಬ್ಬ ಸಣ್ಣ ಹುಡುಗ. ಆಗುತ್ತದೆ’ ಎಂದರು. ನನ್ನ ತೂಕದ ಬಗ್ಗೆ ಇಷ್ಟು ಮರ್ಯಾದೆಯಿಂದ ಬೇರೆ ಯಾರೂ ಮಾತನಾಡಿಲ್ಲ.

ಅವರು ಮಾಡಿದ್ದು ಇದು. ಹಳೆಯ ರಿಮ್ ತೆಗೆದು 36 ತೂತಿನ, ಎರಡು ಗೋಡೆಯ ಅಲ್ಯುಮಿನಿಯಂ ರಿಮ್ ಹಾಕಿದರು. 14 ಗೇಜಿನ, ಅಂದರೆ 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಕಡ್ಡಿ. ಹಬ್ ಕೂಡ ಬದಲಾಯಿತು, ಏಕೆಂದರೆ ಹಳೆಯದರ ಆಕ್ಸಲ್ ಬಗ್ಗಿತ್ತು. ಹಲ್ಲುಚಕ್ರಗಳ ಗುಂಪು ಹಬ್ಬಿನ ತಿರುಪಿನ ಮೇಲೆ ಕೂರುವ ಫ್ರೀವೀಲ್ ಇದ್ದರೆ ಬಲಗಡೆಯ ಬೇರಿಂಗ್ ಒಳಗೆಲ್ಲೋ ಉಳಿಯುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಆಸರೆ ಇಲ್ಲ. ಭಾರದ ಸವಾರರ ಆಕ್ಸಲ್ ಬಗ್ಗುವುದು, ಒಮ್ಮೊಮ್ಮೆ ಮುರಿಯುವುದು ಅಲ್ಲಿಯೇ. ಹಲ್ಲುಚಕ್ರಗಳ ಗುಂಪನ್ನು (ಕ್ಯಾಸೆಟ್) ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಆ ಬೇರಿಂಗ್ ಹೊರ ಅಂಚಿಗೆ ಬರುತ್ತದೆ. ಶಿಮಾನೊದ ಸಾಧಾರಣ ದರ್ಜೆಯ ಹಬ್ಬೇ ಸಾಕು ಎಂದರು. ಏಳು ಗೇರಿನ ಕ್ಯಾಸೆಟ್ಟನ್ನು ಎಂಟು-ಒಂಬತ್ತು ಗೇರಿನ ಹಬ್ಬಿಗೆ ಹಾಕುವಾಗ ಒಳಗೆ 4.5 ಮಿ.ಮೀ. ದಪ್ಪದ ಬಳೆ ಬೇಕು. ಅದು ಅವರ ಬಳಿ ಇರಲಿಲ್ಲ, ನಾನು ತರಿಸಿ ಕೊಟ್ಟೆ.

ಗಾಲಿ ಕಟ್ಟುವುದನ್ನು ಸ್ಟೂಲಿನ ಮೇಲೆ ಕುಳಿತು ಪೂರ್ತಿ ನೋಡಿದೆ. ಮೇಜಿಗೆ ಬೋಲ್ಟ್ ಹಾಕಿ ನಿಲ್ಲಿಸಿದ ಹಳೆಯ ಫೋರ್ಕೇ ಅವರ ಯಂತ್ರ. ಪ್ರತಿ ಕಡ್ಡಿಯ ತಿರುಪಿನ ತುದಿಯನ್ನು ಎಣ್ಣೆಯಲ್ಲಿ ಅದ್ದಿ, ಒಂದು ಕಡ್ಡಿ ಮೂರನ್ನು ದಾಟುವಂತೆ ಹೆಣೆದರು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲುಗಳನ್ನು ಪ್ರತಿ ಸುತ್ತಿನಲ್ಲೂ ಅರ್ಧ ತಿರುವಿನಂತೆ ಏರಿಸುತ್ತ ಬಂದರು. ನಡುವೆ ನಿಲ್ಲಿಸಿ, ಪಕ್ಕಪಕ್ಕದ ಎರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕುತ್ತಾರೆ. ಕಟಕಟ ಎಂದು ಸಣ್ಣ ಸದ್ದು ಬರುತ್ತದೆ, ಕೊಕ್ಕೆಗಳು ತಮ್ಮ ಜಾಗದಲ್ಲಿ ಕೂರುವ ಸದ್ದು ಅದು. ಆಮೇಲೆ ಮತ್ತೆ ಬೆಂಡ್ ನೋಡುತ್ತಾರೆ. ಮತ್ತೆ ಹಿಸುಕುತ್ತಾರೆ. ಕೊನೆಗೆ ಬೆರಳಲ್ಲಿ ಒಂದೊಂದೇ ಕಡ್ಡಿ ಮೀಟಿ, ಕಿವಿ ಹತ್ತಿರ ತಂದು, ಸ್ವರ ಮಂದವಾದ ಕಡೆ ಸೀಮೆಸುಣ್ಣದ ಗುರುತು ಹಾಕಿ ಬಿಗಿ ಮಾಡಿದರು. ಬಲಬದಿಯ ಸ್ವರ ಎಡಕ್ಕಿಂತ ಏರಿರಬೇಕು, ಆದರೆ ಒಂದು ಬದಿಯ ಕಡ್ಡಿಗಳೆಲ್ಲ ಒಂದೇ ಸ್ವರಕ್ಕೆ ಬರಬೇಕು. ಮಧ್ಯಾಹ್ನದ ಊಟದಿಂದ ಸಂಜೆ ಚಹಾದವರೆಗೆ ನಡೆದ ಕೆಲಸ.

ಕೂಲಿ 600 ರೂಪಾಯಿ. ರಿಮ್ 1,150, ಹಬ್ 1,850, ಕಡ್ಡಿ 540, ಕ್ಯಾಸೆಟ್ 1,050. ಒಟ್ಟು 5,190. ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದ ನಂತರ ಕೊಂಡ ದರ ಇದು. ಆ ಗಾಲಿ ಬಂದ ಮೇಲೆ ಒಂದೇ ಒಂದು ಕಡ್ಡಿ ಮುರಿದಿಲ್ಲ. ಪಿ.ಬಿ. ರಸ್ತೆಯ ಹಂಪುಗಳು, ಅಗೆದು ಮುಚ್ಚಿದ ಪಟ್ಟಿಗಳು ಯಾವುವೂ ಕಡಿಮೆಯಾಗಿಲ್ಲ.

ಗಾಲಿಯ ನಂತರ ಹಣ ಹಾಕಬೇಕಾದ ಜಾಗ ಟೈರು. 700×35ರ, ಅಂದರೆ 35 ಮಿ.ಮೀ. ಅಗಲದ್ದರ ಬದಲು 38ರದು, ಒಳಗೆ ಮುಳ್ಳು ತಡೆಯುವ ಪಟ್ಟಿ ಇರುವುದು. ಜೋಡಿಗೆ 2,200. ನಮ್ಮ ಕಡೆ ಜಾಲಿ ಮುಳ್ಳಿನ ಜೊತೆಗೆ ಇನ್ನೊಂದು ಪೀಡೆ ಇದೆ: ಸುಗ್ಗಿಯಲ್ಲಿ ಊರಾಚೆಯ ರಸ್ತೆಯ ಮೇಲೇ ಮೆಕ್ಕೆಜೋಳ ಒಣಗಿಸುತ್ತಾರೆ. ಭಾನುವಾರ ಅತ್ತ ಹೋದರೆ ಕಾಳಿನ ಮೇಲೆ ಸಪೂರ ಟೈರು ಜಾರುತ್ತದೆ. 38 ಕೂಡ ಜಾರುತ್ತದೆ, ಹಿಡಿದುಕೊಳ್ಳುವಷ್ಟು ಸಮಯ ಕೊಡುತ್ತದೆ. ಗಾಳಿಯ ವಿಷಯದಲ್ಲಿ ಭಾರದವರು ಅಂದಾಜಿಗೆ ಬಿಡಬಾರದು. ಕಡಿಮೆಯಾದರೆ ಗುಂಡಿಯಲ್ಲಿ ರಿಮ್ ಟ್ಯೂಬನ್ನು ಕಚ್ಚಿ ಅಕ್ಕಪಕ್ಕದಲ್ಲಿ ಎರಡು ತೂತು ಮಾಡುತ್ತದೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಹೆಬ್ಬೆರಳಲ್ಲಿ ಒತ್ತಿ ‘ಸಾಕು’ ಎನ್ನುತ್ತಾರೆ. ಆ ಹೆಬ್ಬೆರಳಿಗೆ ನನ್ನ ತೂಕ ಗೊತ್ತಿಲ್ಲ. ಮೀಟರ್ ಇರುವ ಪಂಪ್ 1,300ಕ್ಕೆ ತಂದು ಮನೆಯಲ್ಲೇ ಹಿಂದೆ 75, ಮುಂದೆ 60 ಪಿಎಸ್‌ಐ ಹೊಡೆಯುತ್ತೇನೆ. ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಮಿತಿ ನೋಡಿಕೊಳ್ಳಿ.

ಉಳಿದದ್ದು ಚಿಕ್ಕ ಚಿಕ್ಕ ಬದಲಾವಣೆ. ಪ್ಲಾಸ್ಟಿಕ್ ಪೆಡಲನ್ನು ಮುರಿಯುವ ಮೊದಲೇ ಎಸೆಯಿರಿ. ಎದ್ದು ನಿಂತು ತುಳಿಯುವಾಗ ಅದು ಮುರಿದರೆ ಬೀಳುವುದು ಲಾರಿಗಳ ನಡುವೆ. ಎರಡು ಪೆಡಲುಗಳ ನಡುವಿನ ಅಚ್ಚಿಗೆ ಬಿಡಿ ಗುಂಡುಗಳ ಜಾಗದಲ್ಲಿ ಮುಚ್ಚಿದ ಬೇರಿಂಗ್ ಹಾಕಿಸಿದೆ, ಕಿರಕಿರ ನಿಂತಿತು. ಬ್ರೇಕಿಗೆ ಒಳ್ಳೆಯ ರಬ್ಬರ್ ಸಾಕಾಯಿತು, ಡಿಸ್ಕ್ ಬೇಕಾಗಲಿಲ್ಲ.

ಸೀಟಿನ ಬಗ್ಗೆ ಮಾತ್ರ ಕಟುವಾಗಿ ಹೇಳಬೇಕು. ದಪ್ಪಗಿರುವವರಿಗೆಂದು ಮೆತ್ತನೆಯ ಜೆಲ್ ಕವರ್ ಮಾರುವುದು ಶುದ್ಧ ಲೂಟಿ. ಭಾರಕ್ಕೆ ಜೆಲ್ ಪಕ್ಕಕ್ಕೆ ಸರಿದು ಕೂರುವ ಎಲುಬು ನೇರ ತಳಕ್ಕೆ ತಾಗುತ್ತದೆ. ಬೇಕಾದದ್ದು ಆ ಎರಡು ಎಲುಬಿಗೆ ತಕ್ಕ ಅಗಲ ಮತ್ತು ಗಟ್ಟಿತನ. ನನ್ನದು 1,100 ರೂಪಾಯಿಯದು, ನೋಡಲು ಕಲ್ಲು, ಕೂತರೆ ಸುಖ.

ಚಾಚಾರ ಅಂಗಡಿಯ ಕುಂದುಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದರೆ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಕೊಡುತ್ತಾರೆ. ಗೇರಿನ ಸೂಕ್ಷ್ಮ ಹೊಂದಾಣಿಕೆಯಲ್ಲಿ ಅವರಿಗೆ ಆಸಕ್ತಿ ಇಲ್ಲ, ಹೈಡ್ರಾಲಿಕ್ ಬ್ರೇಕನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಬೇರೆ ಕಡೆ ಹೋಗಬೇಕು. ಹೊಸ ಗಾಲಿಯ ಕಡ್ಡಿಗಳು ಕೆಲವು ವಾರ ತುಳಿದ ಮೇಲೆ ತುಸು ಸಡಿಲಾಗುತ್ತವೆ. ಆಗ ಮತ್ತೊಮ್ಮೆ ಬೆಂಡ್ ತೆಗೆದುಕೊಟ್ಟದ್ದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ, ‘ಅದು ಅದೇ ಕೆಲಸ’ ಎಂದರು.

ಇಂಥ ಅಂಗಡಿ ನಿಮ್ಮ ಪೇಟೆಯಲ್ಲೂ ಇರುತ್ತದೆ. ಹಾಲಿನವರ ಸೈಕಲ್ಲುಗಳು ಎಲ್ಲಿ ನಿಂತಿವೆ ನೋಡಿ. ರಿಮ್ ಮತ್ತು ಹಬ್ ನೀವೇ ಕೊಂಡುಹೋಗಿ, ಎರಡರಲ್ಲೂ 36 ತೂತು ಇವೆಯೇ ಎಂದು ಎಣಿಸಿಕೊಳ್ಳಿ. ಕಡ್ಡಿಯ ಉದ್ದವನ್ನು ಅವರೇ ಅಳೆಯಲಿ. ಶುಕ್ರವಾರ ಮಧ್ಯಾಹ್ನ ನಮ್ಮ ಚಾಚಾ ಸಿಗುವುದಿಲ್ಲ, ಬೇರೆ ದಿನ ಹನ್ನೊಂದರ ನಂತರ ಹೋದರೆ ಸರಿ.