ಡಿಕ್ಕಿಯೂ ಬೇಕು, ಪಿಕಪ್ಪೂ ಬೇಕು: ನಾಲ್ಕು ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಓಡಿಸಿ ನೋಡಿದ ಕಥೆ

ಮೂರನೇ ಮಗು ಬರುತ್ತಿದೆ ಎಂದು ಗೊತ್ತಾದ ವಾರವೇ ಟೇಪು ಹಿಡಿದು ನಮ್ಮ ಕಾರಿನ ಹಿಂದಿನ ಸೀಟಿಗೆ ನುಗ್ಗಿದೆ. ಎರಡು ಮಕ್ಕಳ ಸೀಟು ಕೂತ ಮೇಲೆ ನಡುವೆ ಉಳಿದಿದ್ದ ಜಾಗ ಒಂದು ಗೇಣು. ಅಲ್ಲಿ ಬಿಸ್ಕತ್ತಿನ ಪುಡಿ ಬಿಟ್ಟರೆ ಬೇರೇನೂ ಹಿಡಿಸುವಂತಿರಲಿಲ್ಲ. ಕಾರು ಪುಟ್ಟದು, ಆದರೆ ಚುರುಕಾದದ್ದು. ಆಕ್ಸಿಲರೇಟರ್ ಒತ್ತಿದರೆ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಓಡುವ ಜಾತಿ. "ಸಾಕು ರೀ ಈ ಆಟ, ಒಂದು ವ್ಯಾನ್ ತಗೊಂಡ್ಬಿಡೋಣ" ಅಂದಳು ಹೆಂಡತಿ. ನಾನು ತಲೆಯಾಡಿಸಿದೆ, ಒಪ್ಪಿಗೆ ಅಂತ ಅವಳು ತಿಳಿದುಕೊಂಡಳು. ಅಲ್ಲಿಂದ ಮೂರು ತಿಂಗಳು ನಾನು ನೋಡಿದ್ದೆಲ್ಲ ಅವಳ ದೃಷ್ಟಿಯಲ್ಲಿ 'ವ್ಯಾನ್', ನನ್ನ ದೃಷ್ಟಿಯಲ್ಲಿ ಬೇರೆಯೇ.

ಕೊನೆಗೆ ಉಳಿದದ್ದು ನಾಲ್ಕು: 2014ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಎಸ್ಟೇಟ್ (ಎಸ್ಟೇಟ್ ಅಂದರೆ ಚಾವಣಿ ಹಿಂದಿನವರೆಗೂ ಚಾಚಿದ, ಡಿಕ್ಕಿ ದೊಡ್ಡದಿರುವ ಕಾರು), 2013ರ ಬಿಎಂಡಬ್ಲ್ಯು 330ಡಿ ಟೂರಿಂಗ್ (ಅದೂ ಎಸ್ಟೇಟೇ), 2007ರ ವೋಲ್ವೋ ಎಕ್ಸ್‌ಸಿ90 ವಿ8, 2009ರ ಫೋರ್ಡ್ ಎಸ್-ಮ್ಯಾಕ್ಸ್ 2.5 ಟರ್ಬೊ. ಇಸವಿಗಳಲ್ಲಿ ಇಷ್ಟು ಅಂತರ ಯಾಕೆ ಅಂದರೆ, ಕೈಯಲ್ಲಿದ್ದ ಅದೇ ದುಡ್ಡಿಗೆ ಸಿಗುತ್ತಿದ್ದವು ಇವು. ದೊಡ್ಡ ಕಾರು ಬೇಕೆಂದರೆ ವಯಸ್ಸಾದದ್ದನ್ನು ಒಪ್ಪಿಕೊಳ್ಳಬೇಕು, ವಯಸ್ಸು ಕಡಿಮೆ ಬೇಕೆಂದರೆ ಮೊಣಕೈ ಮಡಚಿಕೊಂಡು ಕೂರಬೇಕು.

ಕಾರು ನೋಡಲು ಹೋಗುವಾಗ ಮಕ್ಕಳ ಸೀಟು ಮೂರು (ಮೂರನೆಯದು ಗೆಳೆಯನಿಂದ ಎರವಲು), ಮಗುವಿನ ತಳ್ಳುಗಾಡಿ, ಟೇಪು, ನೀರು ತುಂಬಿದ ಹತ್ತು ಕ್ಯಾನು ಜೊತೆಗಿರುತ್ತಿದ್ದವು. ಮಾರುವವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಕ್ಯಾನುಗಳನ್ನು. ಕ್ಯಾನು ಯಾಕೆಂದರೆ, ಟೆಸ್ಟ್ ಡ್ರೈವ್‌ನಲ್ಲಿ ಇಬ್ಬರೇ ಕೂತರೆ ಎಲ್ಲ ಕಾರೂ ಜಿಂಕೆಯೇ. ಐದು ಜನ, ಪೆಟ್ಟಿಗೆ, ತಳ್ಳುಗಾಡಿ ಸೇರಿದರೆ ಸಲೀಸಾಗಿ 400 ಕಿಲೋ ಆಗುತ್ತದೆ. ಒಂದೂವರೆ ಟನ್ ಕಾರಿಗೆ 400 ಕಿಲೋ ಹೇರಿದರೆ ಅದರ ಭಾರ ಕಾಲು ಭಾಗಕ್ಕಿಂತ ಹೆಚ್ಚು ಏರಿತು. ಎರಡು ಟನ್ ದಾಟಿದ ಕಾರಿಗೆ ಅದೇ ಹೊರೆ ಐದನೇ ಒಂದು ಭಾಗಕ್ಕೂ ಕಡಿಮೆ. ಹಗುರ ಕಾರು ಖಾಲಿಯಾಗಿದ್ದಾಗ ತೋರಿಸುವ ಚಪಲತೆಯನ್ನು ನಂಬಿ ದುಡ್ಡು ಕೊಟ್ಟವರು ಮೊದಲ ರಜೆಯ ಪ್ರಯಾಣದಲ್ಲೇ ಪೆಚ್ಚಾಗುವುದು ಇದರಿಂದಲೇ.

ವೇಗದ ವಿಷಯದಲ್ಲೂ ಒಂದು ಮಾತು. ಎಲ್ಲರೂ ಸೊನ್ನೆಯಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಎಂದೇ ಕೇಳುತ್ತಾರೆ. ಮಕ್ಕಳನ್ನು ಕೂರಿಸಿಕೊಂಡು ಸಿಗ್ನಲ್ಲಿನಲ್ಲಿ ರೇಸು ಬಿಡುವ ಅಪ್ಪ ನಾನಲ್ಲ. ನನಗೆ ಬೇಕಾದದ್ದು 80ರಿಂದ 120. ಮುಂದೆ ಉದ್ದನೆಯ ಲಾರಿ, ಎದುರಿಗೆ ಖಾಲಿ ರಸ್ತೆ ಸ್ವಲ್ಪವೇ ಇದೆ, ಆಗ. ಲೆಕ್ಕ ಸುಲಭ: ಆ ಏರಿಕೆಗೆ 5 ಸೆಕೆಂಡು ಹಿಡಿದರೆ ಅಷ್ಟರಲ್ಲಿ ಕಾರು ಸುಮಾರು 140 ಮೀಟರ್ ಹೋಗಿರುತ್ತದೆ, 7 ಸೆಕೆಂಡು ಹಿಡಿದರೆ 195 ಮೀಟರ್. ನಡುವಿನ ಐವತ್ತೈದು ಮೀಟರ್ ಎದುರು ಬದಿಯಲ್ಲಿ ಹೆಚ್ಚಾಗಿ ಓಡಬೇಕಾದ ದೂರ. ಹಾಗಾಗಿ ನಾಲ್ಕೂ ಕಾರುಗಳಲ್ಲಿ, 120 ಓಡಿಸಲು ಅನುಮತಿ ಇರುವ ಹೆದ್ದಾರಿಯಲ್ಲಿ, ಹೆಂಡತಿ ಪಕ್ಕದಲ್ಲಿ ಕೂತು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ್ದು ಇದಕ್ಕೇ. ಬೆರಳಿನ ಲೆಕ್ಕ, ಅರ್ಧ ಸೆಕೆಂಡು ಆಚೀಚೆ ಇಟ್ಟುಕೊಳ್ಳಿ.

ಆಕ್ಟೇವಿಯಾ ಮೊದಲು. ಈ ಕಾರಿನ ಬಗ್ಗೆ ನನಗೆ ಮೊದಲೇ ಒಲವಿತ್ತು, ಮುಚ್ಚಿಡುವುದಿಲ್ಲ. 2 ಲೀಟರ್ ಟರ್ಬೊ ಪೆಟ್ರೋಲ್, 220 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), ಡಿಕ್ಕಿ 610 ಲೀಟರ್. ಈ ನಾಲ್ಕು ಅಂಕಿ ಒಂದೇ ಕಾರಿನಲ್ಲಿ ಸಿಗುವುದೇ ಅಪರೂಪ. ಹೊರಗಿನಿಂದ ನೋಡಿದರೆ ಗುಮಾಸ್ತರ ಕಾರು, ಒಳಗೆ ಬೇರೆಯೇ ಸಂಗತಿ. ತಳ್ಳುಗಾಡಿಯನ್ನು ಚಕ್ರ ಬಿಚ್ಚದೆ ಅಡ್ಡ ಮಲಗಿಸಿದೆ, ಮೇಲೆ ಇನ್ನೂ ಎರಡು ಚೀಲಕ್ಕೆ ಜಾಗವಿತ್ತು. ಹಿಮ್ಮುಖವಾಗಿ ಕೂರಿಸುವ ಶಿಶುವಿನ ಸೀಟು ಇಟ್ಟ ಮೇಲೂ ಮುಂದಿನ ಸೀಟಿನಲ್ಲಿ ಹೆಂಡತಿ ಕಾಲು ಚಾಚಿ ಕೂತಳು. ಇದು ಸಣ್ಣ ವಿಷಯವಲ್ಲ. ಮಕ್ಕಳ ಸೀಟುಗಳಿಗಿರುವ ಈಚಿನ ಸುರಕ್ಷತಾ ನಿಯಮ ಆರ್129ರ ಸೀಟುಗಳಲ್ಲಿ ಮಗುವಿಗೆ 15 ತಿಂಗಳು ತುಂಬುವವರೆಗೆ ಹಿಮ್ಮುಖ ಪ್ರಯಾಣ ಕಡ್ಡಾಯ, ಆ ಸೀಟು ತಿನ್ನುವುದು ಉದ್ದವನ್ನು.

80ರಿಂದ 120ಕ್ಕೆ ಹೊರೆ ಸಮೇತ ಐದೂವರೆ ಸೆಕೆಂಡಿನ ಹತ್ತಿರ. ತಿರುವಿನಲ್ಲಿ ಕ್ಯಾನುಗಳು ಕುಲುಕಿದವು, ಕಾರು ಕುಲುಕಲಿಲ್ಲ.

ಮುಗಿಯಿತು, ಇದೇ ಅಂದುಕೊಂಡೆ. ಆಮೇಲೆ ಮೂರನೇ ಸೀಟು ತಂದೆ.

ಅದೇ ನಿಯಮದ 'ಐ-ಸೈಜ್' ಸೀಟುಗಳಿಗೆ ಗೊತ್ತುಪಡಿಸಿದ ಅಗಲ 44 ಸೆಂಟಿಮೀಟರ್. ಮೂರಕ್ಕೆ 132. ಕಾಗದದಲ್ಲಿ ಇಷ್ಟು ಅಗಲ ಬಹಳ ಕಾರುಗಳಲ್ಲಿ ಇದೆ. ಆದರೆ ಕಾಗದದವರು ಅಳೆಯುವುದು ಮೊಣಕೈ ಎತ್ತರದಲ್ಲಿ, ಮಕ್ಕಳ ಸೀಟು ಕೂರುವುದು ಬೆಂಚಿನ ಮೇಲೆ. ಅಲ್ಲಿ ಬಾಗಿಲ ಬದಿ ಒಳಕ್ಕೆ ಬಾಗಿರುತ್ತದೆ, ಮಕ್ಕಳ ಸೀಟನ್ನು ಕಾರಿಗೇ ಕಚ್ಚಿಸುವ ಎರಡು ಬದಿಯ ಐಸೋಫಿಕ್ಸ್ ಕೊಂಡಿಗಳು ಸೀಟುಗಳನ್ನು ತಮ್ಮ ಜಾಗದಿಂದ ಒಂದಿಂಚೂ ಸರಿಯಲು ಬಿಡುವುದಿಲ್ಲ, ನಡುವಿನ ಬೆಲ್ಟಿನ ಬಕಲ್ ಎರಡು ಸೀಟುಗಳ ಅಡಿ ಹೂತುಹೋಗುತ್ತದೆ. ನಾನು ಮಂಡಿಯೂರಿ, ಒಂದು ಕೈ ಸೀಟಿನ ಸಂದಿಗೆ ಹಾಕಿ, ಬೆರಳ ತುದಿಯಲ್ಲಿ ಬಕಲ್ ಹಿಡಿದು ಎಳೆದೆ. ಉಗುರು ಕಿತ್ತಿತು, ಬೆಲ್ಟು ಬೀಳಲಿಲ್ಲ. ಹಿಂದೆ ನಿಂತಿದ್ದ ಮಾಲೀಕರು "ಇಬ್ಬರೇ ಮಕ್ಕಳು ಇರೋರಿಗೆ ಬಹಳ ಚೆನ್ನಾಗಿದೆ ಸರ್" ಅಂದರು. ತೆಳುವಾದ ಸೀಟುಗಳನ್ನು ಹುಡುಕಿ ಕೊಂಡರೆ ಹೊಂದಿಸಬಹುದೇನೋ, ಆದರೆ ದಿನಾ ಬೆಳಗ್ಗೆ ಮಳೆಯಲ್ಲಿ ನಿಂತು ಈ ಸರ್ಕಸ್ಸು ಮಾಡುವವಳು ನನ್ನ ಹೆಂಡತಿ. ಅವಳು ಕಾರಿನ ಬಾಗಿಲು ಮೆಲ್ಲನೆ ಹಾಕಿದಳು. ಮೆಲ್ಲನೆ ಹಾಕಿದರೆ ತೀರ್ಮಾನ ಆಯಿತು ಅಂತ ಅರ್ಥ.

ಬಿಎಂಡಬ್ಲ್ಯು ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಹೆಚ್ಚು ಹೇಳಿದರೆ ಹೊಟ್ಟೆ ಉರಿಯುತ್ತದೆ. ಸಾಲಾಗಿ ಆರು ಸಿಲಿಂಡರ್, 3 ಲೀಟರ್ ಡೀಸೆಲ್, 258 ಅಶ್ವಶಕ್ತಿ, 560 ನ್ಯೂಟನ್ ಮೀಟರ್, ಎಂಟು ಗೇರಿನ ಆಟೊಮ್ಯಾಟಿಕ್. ಸೊನ್ನೆಯಿಂದ 100ಕ್ಕೆ 5.6 ಸೆಕೆಂಡು ಎಂದು ಕಂಪನಿ ಹೇಳುತ್ತದೆ. ನಮ್ಮ 80-120 ಪರೀಕ್ಷೆಯಲ್ಲಿ ಹೆಂಡತಿ ಸ್ಟಾಪ್‌ವಾಚ್ ಒತ್ತಿ ಮತ್ತೆ ಒತ್ತುವಷ್ಟರಲ್ಲಿ ಐದು ಸೆಕೆಂಡು ಆಗಿರಲಿಲ್ಲ. ಹತ್ತು ಕ್ಯಾನು ಇದೆಯೋ ಇಲ್ಲವೋ ಎಂಬುದೇ ಅದಕ್ಕೆ ಗೊತ್ತಾಗಲಿಲ್ಲ. ಹಿಂಬದಿ ಗಾಜನ್ನು ಮಾತ್ರ ಬೇರೆಯಾಗಿ ಎತ್ತಬಹುದು, ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಇಡೀ ಬಾಗಿಲು ತೆರೆಯದೆ ಚೀಲ ಹಾಕಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಡಿಕ್ಕಿ 495 ಲೀಟರ್, ತಳ್ಳುಗಾಡಿಯ ಒಂದು ಚಕ್ರ ಬಿಚ್ಚಬೇಕಾಯಿತು, ಪರವಾಗಿಲ್ಲ. ಆದರೆ ಹಿಂದಿನ ಸೀಟಿನ ನಡುವೆ ನೆಲದಲ್ಲಿ ದಿಬ್ಬದಂಥ ಉಬ್ಬು. ಎಂಜಿನ್ ಮುಂದೆ, ಓಡುವುದು ಹಿಂದಿನ ಚಕ್ರ, ನಡುವೆ ಹೋಗುವ ದಂಡಕ್ಕೆ ದಾರಿ ಬೇಕಲ್ಲ. ಶಿಶುವಿನ ಸೀಟು ಇಟ್ಟರೆ ಮುಂದೆ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ. ಇನ್ನೊಂದು, ಇದು ಡೀಸೆಲ್. ಹೊಗೆಯ ಮಸಿ ಹಿಡಿಯುವ ಫಿಲ್ಟರಿಗೆ ಆಗಾಗ ದೂರದ ಓಟ ಬೇಕು, ಎಂಜಿನ್ ಬಿಸಿಯಾದಾಗಷ್ಟೇ ಅದು ಆ ಮಸಿ ಸುಟ್ಟುಕೊಳ್ಳುತ್ತದೆ. ನಮ್ಮದು ಶಾಲೆಗೆ ಹತ್ತು ನಿಮಿಷ, ಅಂಗಡಿಗೆ ಐದು ನಿಮಿಷದ ಬಾಳು. ಮೇಲಾಗಿ ಈ ಎಂಜಿನ್ನಿನ ಟೈಮಿಂಗ್ ಚೈನು (ಒಳಗಿನ ಭಾಗಗಳನ್ನು ತಾಳ ತಪ್ಪದೆ ಓಡಿಸುವ ಸರಪಳಿ) ಗೇರ್‌ಬಾಕ್ಸ್ ಕಡೆಗಿದೆ. ಅದನ್ನು ಮುಟ್ಟಬೇಕಾಗಿ ಬಂದರೆ ಖರ್ಚು ಸಣ್ಣದಲ್ಲ. ದಿನಾ ಹೆದ್ದಾರಿಯಲ್ಲಿ ಓಡುವ, ಇಬ್ಬರು ಮಕ್ಕಳ ಸಂಸಾರಕ್ಕೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತೇನೆ.

ಎಕ್ಸ್‌ಸಿ90ಯನ್ನು ನೋಡಲು ಹೋದದ್ದು ನಿಜ ಹೇಳಬೇಕೆಂದರೆ ಎಂಜಿನ್ನಿಗಾಗಿ. 4.4 ಲೀಟರಿನ ವಿ8, ಯಮಹಾ ಕಟ್ಟಿಕೊಟ್ಟದ್ದು, 315 ಅಶ್ವಶಕ್ತಿ. ಎಂಟು ಸಿಲಿಂಡರನ್ನು ಬಾನೆಟ್ಟಿನಡಿ ಅಡ್ಡಡ್ಡ ಕೂರಿಸಿದ್ದಾರೆ. ಅದರ ದನಿ ಕೇಳಿದರೆ ಬೇರೆ ಲೆಕ್ಕಾಚಾರವೆಲ್ಲ ಮರೆತುಹೋಗುತ್ತದೆ, ಅದಕ್ಕೇ ಆ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಏಳು ಸೀಟು. ಎರಡನೇ ಸಾಲಿನ ನಡುವಿನ ಸೀಟಿನೊಳಗೇ ಮಕ್ಕಳ ಬೂಸ್ಟರ್ ಮಡಚಿಟ್ಟಿದೆ, ಆ ಸೀಟನ್ನು ಮುಂದಕ್ಕೆ ಎಳೆದರೆ ಮಗು ಅಪ್ಪ ಅಮ್ಮನ ಕೈಗೆ ಸಿಗುವಷ್ಟು ಹತ್ತಿರ ಬರುತ್ತದೆ. ಇದನ್ನು ಯೋಚಿಸಿದವರಿಗೆ ಮನೆಯಲ್ಲಿ ಮಕ್ಕಳಿದ್ದಿರಲೇಬೇಕು. ಡಿಕ್ಕಿ ಬಾಗಿಲು ಎರಡು ಭಾಗ, ಕೆಳಗಿನ ಭಾಗ ಬಿಚ್ಚಿದರೆ ಜಗಲಿ. ಮಗ ಅಲ್ಲಿ ಕೂತವನು ಏಳಲೇ ಇಲ್ಲ.

ಎರಡು ಟನ್ ಮೀರಿದ ಕಾರು 80ರಿಂದ 120ಕ್ಕೆ ಆರು ಸೆಕೆಂಡಿನ ಆಸುಪಾಸಿನಲ್ಲಿ ಹೋಯಿತು, ಹೊರೆ ಗೊತ್ತಾಗಲಿಲ್ಲ. ಬ್ರೇಕ್ ಒತ್ತಿದಾಗ, ತಿರುವು ಹಿಡಿದಾಗ ಮಾತ್ರ ಭಾರ ತನ್ನ ಲೆಕ್ಕ ಕೇಳಿತು. ಮೂರನೇ ಸಾಲಿಗೆ ಹತ್ತಿದ ಅಮ್ಮ ಇಳಿಯುವಾಗ "ಏನೋ ಇದು, ಅಟ್ಟ ಹತ್ತಿ ಇಳಿದಂಗಾಯ್ತು" ಅಂದರು. ಪೆಟ್ರೋಲು ಕಂಪನಿಯ ಲೆಕ್ಕದಲ್ಲೇ ಲೀಟರಿಗೆ ಎಂಟು ಕಿಲೋಮೀಟರ್ ಮುಟ್ಟುವುದಿಲ್ಲ. ಊರೊಳಗಿನ ಓಟದಲ್ಲಿ ಎಷ್ಟು ಎಂದು ಕೇಳಿದ್ದಕ್ಕೆ ಮಾರುವವರು ಹವಾಮಾನದ ಮಾತು ತೆಗೆದರು.

ನಡುವೆ ಒಂದು ಪ್ರಸಂಗ. ಇದೇ ಹುಡುಕಾಟದಲ್ಲಿ ನೋಡಿದ ಒಂದು ಕಾರು, ಯಾವುದು ಎಂದು ಹೇಳುವುದಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಗುಂಡಿಗೆ ಕೈ ಹಾಕಿದೆ. ಎರಡು ಬೆರಳು ನೀರು. ಹಿಂದಿನಿಂದ ಯಾರೋ ಗುದ್ದಿ, ಬೆಸುಗೆ ಹಾಕಿ, ಬಣ್ಣ ಹೊಡೆದಿದ್ದರು. ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು, ನಾನು ಬರುವ ಮೊದಲೇ ಎಂಜಿನ್ ಓಡಿಸಿ ಇಟ್ಟಿದ್ದಾರೆ, ತಣ್ಣಗಿನ ಎಂಜಿನ್ನಿನ ಸದ್ದು ನನಗೆ ಕೇಳಿಸಬಾರದು ಅಂತ. ಆವತ್ತಿನಿಂದ ಕಾರಿನ ಸುತ್ತ ಸುತ್ತುವುದಕ್ಕಿಂತ ಮೊದಲು ಕೈ ಎರಡು ಕಡೆ ಹೋಗುತ್ತದೆ: ಬಾನೆಟ್ ಮೇಲೆ, ಸ್ಟೆಪ್ನಿ ಗುಂಡಿಯೊಳಗೆ.

ಉಳಿದದ್ದು ಎಸ್-ಮ್ಯಾಕ್ಸ್. ಪಟ್ಟಿಯಲ್ಲಿ ಕೊನೆಗೆ ಸೇರಿಸಿದ್ದು, ಮನಸ್ಸಿಲ್ಲದ ಮನಸ್ಸಿನಿಂದ, ಯಾಕೆಂದರೆ ಹೊರಗಿನಿಂದ ನೋಡಿದರೆ ಅದು ಹೆಂಡತಿ ಹೇಳಿದ ವ್ಯಾನೇ. ಯುರೋಪಿನಲ್ಲಿ 2007ರ 'ವರ್ಷದ ಕಾರು' ಪ್ರಶಸ್ತಿ ಪಡೆದದ್ದು ಎಂದು ಓದಿದ್ದೆ. ಏಳು ಸೀಟಿನ ಕಾರಿಗೆ ಆ ಪ್ರಶಸ್ತಿ ಬರುವುದಾದರೆ ಏನೋ ಇರಬೇಕು ಅನ್ನಿಸಿತ್ತು. ಇದ್ದದ್ದು ಬಾನೆಟ್ಟಿನಡಿ. ಆ ಕಾಲಕ್ಕೆ ಫೋರ್ಡ್ ಕೈಕೆಳಗೇ ಇದ್ದ ವೋಲ್ವೋದ ಐದು ಸಿಲಿಂಡರ್ ಎಂಜಿನ್, ಫೋರ್ಡಿನದೇ ಚುರುಕು ಕಾರು ಫೋಕಸ್ ಎಸ್‌ಟಿಗೆ ಹಾಕಿದ್ದ ಅದೇ ಮನೆತನದ್ದು: 2.5 ಲೀಟರ್ ಟರ್ಬೊ, 220 ಅಶ್ವಶಕ್ತಿ, 320 ನ್ಯೂಟನ್ ಮೀಟರ್, ಆರು ಗೇರಿನ ಮ್ಯಾನ್ಯುವಲ್. ಸೊನ್ನೆಯಿಂದ 100ಕ್ಕೆ 7.9 ಸೆಕೆಂಡು. ನಾಲ್ಕು ಸಿಲಿಂಡರಿನ ಗೊರಗೊರ ಅಲ್ಲ, ಆರರ ನಯವೂ ಅಲ್ಲ, ಗಂಟಲಲ್ಲೇ ಗುನುಗುವಂಥ ದನಿ.

ಸ್ಟಾಪ್‌ವಾಚ್‌ನಲ್ಲಿ ಇದೇ ಕೊನೆ: ನಾಲ್ಕನೇ ಗೇರಿನಲ್ಲಿ ಆರೂವರೆ, ಏಳರ ಹತ್ತಿರ. ಗೇರು ಇಳಿಸಿ ಒತ್ತಿದಾಗ ಸ್ವಲ್ಪ ಸುಧಾರಿಸಿತು. ಆದರೆ ಓಡಿಸುತ್ತಿದ್ದಾಗ ಕೊನೆಯದು ಅನ್ನಿಸಲಿಲ್ಲ. ಕೂರುವ ಭಂಗಿ ವ್ಯಾನಿನದ್ದಲ್ಲ, ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ, ರಸ್ತೆ ತಿರುವಿದಾಗ ಮೈ ವಾಲುವುದು ಎಕ್ಸ್‌ಸಿ90ಯ ಅರ್ಧದಷ್ಟೂ ಇಲ್ಲ.

ಆಮೇಲೆ ಮಕ್ಕಳ ಸೀಟು. ಎರಡನೇ ಸಾಲಿನಲ್ಲಿ ಬೆಂಚಿಲ್ಲ, ಮೂರು ಬಿಡಿ ಸೀಟುಗಳು, ಒಂದೊಂದಕ್ಕೂ ಅದರದೇ ಜಾಗ, ಅದರದೇ ಬಕಲ್. ಮೂರನ್ನೂ ಕೂರಿಸಲು ನನಗೆ ಹಿಡಿದದ್ದು ನಾಲ್ಕು ನಿಮಿಷ, ಉಗುರಿಗೆ ಏನೂ ಆಗಲಿಲ್ಲ. ಹಿಂದಿನ ಎರಡು ಸೀಟು ನೆಲದೊಳಗೆ ಮಡಚಿದರೆ ತಳ್ಳುಗಾಡಿ, ಹತ್ತು ಕ್ಯಾನು, ನಾನು, ಎಲ್ಲ ಒಳಗೆ. ಏಳೂ ಸೀಟು ಎತ್ತಿದರೆ ಡಿಕ್ಕಿ 285 ಲೀಟರಿಗೆ ಇಳಿಯುತ್ತದೆ. ಏಳು ಜನರೂ ಪೆಟ್ಟಿಗೆಗಳೂ ಒಟ್ಟಿಗೆ ಹೋಗುವ ಆಸೆ ಇದ್ದರೆ ಕಷ್ಟ. ಕೊನೆಯ ಸಾಲು ಮಕ್ಕಳಿಗೆ ಸರಿ, ಅಮ್ಮ ಅದರೊಳಕ್ಕೆ ಇಣುಕಿ ನೋಡಿ ಸುಮ್ಮನಾದರು.

ವಯಸ್ಸಾದ ಕಾರು, ಅದನ್ನು ಮರೆಯಲಿಲ್ಲ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ರಸೀದಿ ಕೇಳಿದೆ, ಇತ್ತು. ಈ ಎಂಜಿನ್ನಿನಲ್ಲಿ ಎಣ್ಣೆ ಆವಿ ಬೇರ್ಪಡಿಸುವ ಭಾಗದ ರಬ್ಬರ್ ಪೊರೆ ಹರಿದರೆ, ಕಾರು ನಿಂತಲ್ಲೇ ಎಂಜಿನ್ ಓಡುವಾಗ ಸೀಟಿ ಊದಿದಂಥ ಸದ್ದು ಬರುತ್ತದೆ. ತಣ್ಣಗಿನ ಎಂಜಿನ್ ಶುರು ಮಾಡಿಸಿ, ಬಾನೆಟ್ ಮೇಲೆತ್ತಿ, ಐದು ನಿಮಿಷ ಕಿವಿ ಕೊಟ್ಟು ನಿಂತೆ. ಸದ್ದಿಲ್ಲ. ಅಂದರೆ ಪೊರೆ ಹರಿದಿರುವ ಲಕ್ಷಣ ಇಲ್ಲ.

"ವ್ಯಾನ್ ಬೇಡ ಬೇಡ ಅಂತಿದ್ರಲ್ಲ" ಅಂದಳು ಹೆಂಡತಿ, ಸಹಿ ಹಾಕುವಾಗ.

"ಇದು ವ್ಯಾನಲ್ಲ."

"ಹೂಂ, ಅಲ್ಲ ಬಿಡಿ."

ಎಂಟು ತಿಂಗಳಾಯಿತು. ಲೀಟರಿಗೆ ಒಂಬತ್ತರ ಮೇಲೆ ಹೋಗಿಲ್ಲ, ಅದು ನನ್ನ ಕಾಲಿನ ತಪ್ಪು ಎಂಬುದು ಮನೆಯ ಒಮ್ಮತ. 330ಡಿಯ ಜಾಹೀರಾತು ಮೊಬೈಲಿನಲ್ಲಿ ಇನ್ನೂ ಇದೆ. ಒಂದು ಅನುಕೂಲ ಮಾತ್ರ ಕೊಂಡ ಮೇಲೆ ಗೊತ್ತಾದದ್ದು, ಯಾವ ಕಂಪನಿಯ ಕಾಗದದಲ್ಲೂ ಬರೆದಿಲ್ಲ: ಮೂರು ಸೀಟುಗಳನ್ನೂ ಬೇರೆ ಬೇರೆಯಾಗಿ ಹಿಂದೆ ಮುಂದೆ ಸರಿಸಬಹುದಲ್ಲ, ನಡುವಿನದ್ದನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳಿದರೆ ದೊಡ್ಡವನ ಕೈ ತಂಗಿಯ ಜುಟ್ಟಿಗೆ ಎಟುಕುವುದಿಲ್ಲ.