ಎರಡು ದಿನವೋ, ಎರಡು ತಿಂಗಳೋ?

ಒಂದೆರಡು ದಿನದ ಸಣ್ಣ ಪ್ರವಾಸವೋ, ಬ್ಯಾಗು ಹೊತ್ತು ತಿಂಗಳುಗಟ್ಟಲೆ ತಿರುಗುವ ದೊಡ್ಡ ಪ್ರವಾಸವೋ, ಯಾವುದು ಒಳ್ಳೆಯದು? ಕೆಲಸ ಬಿಡದೆ ಸುತ್ತಬೇಕೆಂದರೆ ಸಣ್ಣ ಪ್ರವಾಸವೇ ಸರಿ. ಮೈಸೂರಿನಿಂದ ಮೇಲುಕೋಟೆ ಸುಮಾರು 50 ಕಿ.ಮೀ.; ಬೆಳಿಗ್ಗೆ ಹೊರಟು ಯೋಗಾನರಸಿಂಹನ ಬೆಟ್ಟ ಹತ್ತಿ, ಕಲ್ಯಾಣಿ ಬಳಿ ಕೂತು, ಪುಳಿಯೋಗರೆ ತಿಂದು ಸಂಜೆಗೆ ಮನೆ ಸೇರಬಹುದು.

ಒಟ್ಟು ಖರ್ಚು ಸಣ್ಣ ಪ್ರವಾಸಕ್ಕೇ ಕಡಿಮೆ. ದಿನದ ಲೆಕ್ಕ ಹಾಕಿದರೆ ಮಾತ್ರ ಬ್ಯಾಗು ಹೊತ್ತು ತಿಂಗಳುಗಟ್ಟಲೆ ತಿರುಗುವುದು ಸಾಮಾನ್ಯವಾಗಿ ಅಗ್ಗ: ಒಂದೇ ಊರಲ್ಲಿ ವಾರ ನಿಂತರೆ ಬಾಡಿಗೆ ಚೌಕಾಸಿ ಮಾಡಬಹುದು. ಹಂಪಿಯನ್ನೇ ನೋಡಿ. ಎರಡು ದಿನಕ್ಕೆ ವಿರೂಪಾಕ್ಷ, ವಿಜಯವಿಠ್ಠಲ ಮುಗಿದಾವು. ವಾರವಿದ್ದರೆ ಮಾತಂಗ ಬೆಟ್ಟದ ಸೂರ್ಯೋದಯ, ಹೊಳೆಯಾಚೆಯ ಆನೆಗೊಂದಿ, ಅಲ್ಲಿನವರ ಮಾತುಕತೆ ಎಲ್ಲವೂ ದಕ್ಕುತ್ತದೆ. ನನಗೆ ಪ್ರಿಯವಾದದ್ದು ಇದೇ.

ಆದರೆ ಮೂರನೇ ವಾರಕ್ಕೆ ದಣಿವು ಬರುತ್ತದೆ, ಮನೆಯ ಮುದ್ದೆ-ಬಸ್ಸಾರು ಕಾಡುತ್ತದೆ.

ಸಾಲದ ಕಂತು, ವಯಸ್ಸಾದ ಅಪ್ಪ-ಅಮ್ಮ ಇದ್ದರೆ ಸಣ್ಣದು. ಓದು ಮುಗಿದು ಕೆಲಸ ಸೇರುವ ನಡುವಿನ ಬಿಡುವಿದ್ದರೆ ದೊಡ್ಡದು. ಮೊದಲು ಹತ್ತು ದಿನ ಹೋಗಿ ನೋಡಿ.