ಕಲ್ಲಿನ ಮನೆಗೆ ಡೆಕೊ ಎಂ4: ಆರು ತಿಂಗಳ ಬಳಕೆ

ಚಿತ್ರದುರ್ಗದ ಕೋಟೆ ಹತ್ತಿರ ನಮ್ಮದು ಅಜ್ಜನ ಕಾಲದ ಮನೆ. ಮೊಳ ದಪ್ಪದ ಕಲ್ಲಿನ ಗೋಡೆ. ಫೈಬರ್ ಬಂದಿರುವುದು ಬೀದಿ ಕಡೆಯ ಪಡಸಾಲೆಗೆ ಮಾತ್ರ. ಹಿಂದಿನ ಕೋಣೆಗೆ ವೈಫೈ ತಲುಪದೆ, ಮಗಳು ಆನ್‌ಲೈನ್ ಕ್ಲಾಸಿಗೆ ತನ್ನ ಆ ಕೋಣೆ ಬಿಟ್ಟು ಅಂಗಳದಲ್ಲಿ ಕೂರುತ್ತಿದ್ದಳು. ನೋಡಿದರೆ ಸಂಕಟವಾಗುತ್ತಿತ್ತು.

ಮೊದಲು ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸುವ ಅಗ್ಗದ ಎಕ್ಸ್‌ಟೆಂಡರ್ ತಂದೆ. ಸಿಗ್ನಲ್ ಕಡ್ಡಿ ತುಂಬಿದವು, ಆದರೆ ಸ್ಪೀಡ್ ಅರ್ಧಕ್ಕೆ ಇಳಿಯಿತು. ಒಂದೇ ರೇಡಿಯೊದಲ್ಲಿ ಪಡೆದು, ಅದರಲ್ಲೇ ಮತ್ತೆ ಕಳಿಸಬೇಕು ಅಲ್ವಾ, ಅದಕ್ಕೆ.

ಆಮೇಲೆ ಟಿಪಿ-ಲಿಂಕ್ ಕಂಪನಿಯ ಡೆಕೊ ಎಂ4, ಮೂರರ ಸೆಟ್ ತಂದೆವು. ಇದು ಮೆಶ್ ವೈಫೈ: ಮನೆಯ ಬೇರೆ ಬೇರೆ ಕಡೆ ಇಟ್ಟ ಡಬ್ಬಿಗಳು ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುತ್ತವೆ. ಫೋನಿನ ಆ್ಯಪ್‌ನಲ್ಲಿ ಜೋಡಿಸುವುದು ಸುಲಭ. ಮೂರನೆಯದನ್ನು ಸೀದಾ ಮಗಳ ಕೋಣೆಯಲ್ಲಿಟ್ಟೆ. ಸರಿಹೋಗಲಿಲ್ಲ. ಸಿಗ್ನಲ್ ಸಾಯುವ ಜಾಗದಲ್ಲಿಟ್ಟರೆ ಅದಕ್ಕೇ ಸಿಗ್ನಲ್ ಸಿಗದು, ನಮಗೇನು ಕೊಟ್ಟೀತು? ನಡುಮನೆಯ ಗೂಡಿಗೆ, ಬಾಗಿಲಿನ ನೇರಕ್ಕೆ ತಂದಾಗ ಮಗಳ ಕೋಣೆಯಲ್ಲಿ 35 ಎಂಬಿಪಿಎಸ್ ಸ್ಪೀಡ್ ಬಂತು. ನಮ್ಮ ಪ್ಲಾನ್ 100ರದ್ದು.

ನಿಜವಾದ ಬದಲಾವಣೆ ಆದದ್ದು ಕೇಬಲ್‌ನಿಂದ. ಗೋಡೆ ಕೊರೆಯಲು ಅಮ್ಮ ಬಿಡಲಿಲ್ಲ, ನನಗೂ ಮನಸ್ಸಿರಲಿಲ್ಲ. ಎಲೆಕ್ಟ್ರೀಷಿಯನ್ ಪಿವಿಸಿ ಪೈಪಿನೊಳಗೆ ಒಂದೇ ಒಂದು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಹಾಕಿ, ಪಡಸಾಲೆಯಿಂದ ತಾರಸಿ ಮೇಲೆ ತಂದು, ಹಳೇ ಗವಾಕ್ಷಿಯಲ್ಲಿ ಮಗಳ ಕೋಣೆಗೆ ಇಳಿಸಿದರು. ಒಂದು ಡಬ್ಬಿಯನ್ನು ಮತ್ತೆ ಅಲ್ಲಿಟ್ಟೆ. ಡೆಕೊದ ಪ್ರತಿ ಡಬ್ಬಿಗೂ ಎರಡು ಗಿಗಾಬಿಟ್ ಪೋರ್ಟ್ ಇವೆ. ಕೇಬಲ್ ಸಿಕ್ಕಿಸಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಈಗ ಆ ಕೋಣೆಯಲ್ಲಿ 90 ದಾಟುತ್ತದೆ.

ಇದು ವೈಫೈ 5, ಅದರ ಮುಂದಿನ ತಲೆಮಾರಿನ ವೈಫೈ 6 ಅಲ್ಲ. ನಮಗೆ ಅದು ಕೊರತೆ ಅನಿಸಿಲ್ಲ. ಕರೆಂಟ್ ಹೋದಾಗ ಮಾತ್ರ ಕಷ್ಟ, ಮೂರಕ್ಕೂ ಯುಪಿಎಸ್ ಬೇಕು. ಸದ್ಯ ಪಡಸಾಲೆಯದ್ದಕ್ಕೂ ಮಗಳ ಕೋಣೆಯದ್ದಕ್ಕೂ ಹಾಕಿಸಿದ್ದೇನೆ.